ಆ ಮುದುಕರ ಸಿನಿಮಾದಲ್ಲಿ ಅಂಥದ್ದೇನಿದೆ?

"ಅದನ್ನೇ ಎಷ್ಟು ಸಲ ನೋಡುತ್ತೀರಿ? ಇಬ್ಬರು ಮುದುಕರು, ಒಂದು ಸರೋವರ. ಅದರಲ್ಲಿ ಅಂಥದ್ದೇನಿದೆ?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರ ಮುಖಕ್ಕೆ ಇದನ್ನೇ ಹಿಡಿಯುತ್ತೇನೆ.

ಸಿನಿಮಾ 1981ರ 'ಆನ್ ಗೋಲ್ಡನ್ ಪಾಂಡ್'. ನಾರ್ಮನ್ ಮತ್ತು ಎಥೆಲ್ ಬೇಸಿಗೆ ಕಳೆಯಲು ಸರೋವರದ ದಡದ ತಮ್ಮ ಮನೆಗೆ ಬರುತ್ತಾರೆ. ಮಗಳು ಬಂದು, ತಾನು ಮದುವೆಯಾಗಲಿರುವವನ ಮಗನನ್ನು ಇವರ ಬಳಿ ಬಿಟ್ಟು ಹೋಗುತ್ತಾಳೆ. ಹುಡುಗನೂ ಮುದುಕನೂ ಸೇರಿ ಮೀನು ಹಿಡಿಯುತ್ತಾರೆ, ಸಿಡುಕ ಮುದುಕ ಕರಗುತ್ತಾನೆ, ಅಪ್ಪನಿಗೂ ಮಗಳಿಗೂ ರಾಜಿಯಾಗುತ್ತದೆ. ಇಷ್ಟೇ ಕಥೆ. ಮುಂದಿನದನ್ನು ಯಾರು ಬೇಕಾದರೂ ಊಹಿಸಬಹುದು. ಸಂಗೀತಕ್ಕೆ ಸಕ್ಕರೆ ಹೆಚ್ಚಾಗಿದೆ. ಅಷ್ಟು ವರ್ಷಗಳ ಮುನಿಸು ಅಷ್ಟು ಬೇಗ ಹೋಗುವಂಥದ್ದೂ ಅಲ್ಲ. ಎಲ್ಲವನ್ನೂ ನಾನೇ ಒಪ್ಪಿಕೊಂಡೆ, ಆಯಿತೇ?

ನಿಜ ಹೇಳಬೇಕೆಂದರೆ, 'ಏನಿದೆ' ಎಂದು ಕೇಳುವವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. "ಇಬ್ಬರೂ ಮುದ್ದಾಗಿದ್ದಾರೆ, ಅದಕ್ಕೇ ಇಷ್ಟ, ಅಲ್ಲವೇ?" ಎಂದು ಉತ್ತರವನ್ನೂ ತಾವೇ ಕೊಟ್ಟುಬಿಡುವವರಿದ್ದಾರಲ್ಲ, ಅವರನ್ನು ಕಂಡರೆ ಮೈ ಉರಿಯುತ್ತದೆ. ಮುದುಕ ಎನ್ನಲು ನಾಲಿಗೆ ಎಳೆಯುವವರಿಗೆ ಮುದ್ದು ಎನ್ನಲು ಯಾವ ಸಂಕೋಚವೂ ಇಲ್ಲ. ಹಸುಗೂಸಿಗೂ ನಾಯಿಮರಿಗೂ ಹೇಳುವ ಮಾತದು.

ಒಮ್ಮೆ ಗೆಳತಿಯೊಬ್ಬಳನ್ನು ಬಲವಂತವಾಗಿ ಕೂರಿಸಿ ಇದನ್ನು ತೋರಿಸಿದೆ. ಸ್ಟ್ರಾಬೆರಿ ಕೀಳಲು ಹೋದ ನಾರ್ಮನ್ ಗಾಬರಿಯಿಂದ ಹಿಂತಿರುಗುವ ದೃಶ್ಯ ಬಂತು. ವರ್ಷವರ್ಷವೂ ನಡೆದ ದಾರಿ ಅವನಿಗೆ ಗುರುತೇ ಸಿಕ್ಕಿಲ್ಲ. ಒಂದು ಮರವೂ ಪರಿಚಿತವೆನಿಸಿಲ್ಲ. ನಿನ್ನ ಮುಖ ನೋಡಿದರೆ ನಾನು ಇನ್ನೂ ನಾನೇ ಎಂಬ ಧೈರ್ಯ ಬರುತ್ತದೆಂದು ಓಡಿ ಬಂದೆ ಎಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳುತ್ತಾನೆ.

"ಅಯ್ಯೋ, ಎಷ್ಟು ಮುದ್ದು!" ಎಂದಳು ಗೆಳತಿ.

ಸಿನಿಮಾ ನಿಲ್ಲಿಸಿದೆ. ಉಳಿದ ಭಾಗವನ್ನು ಆ ದಿನ ಅವಳು ನೋಡಲಿಲ್ಲ. ಬದಲಿಗೆ ನನ್ನ ಭಾಷಣ ಕೇಳಿದಳು. ತಲೆಯೊಳಗಿನ ಬೆಳಕು ಆರುತ್ತಿರುವುದು ತನಗೇ ಗೊತ್ತಾಗಿ ನಡುಗುತ್ತಿರುವ ಮನುಷ್ಯ ನಿನಗೆ ಮುದ್ದಾಗಿ ಕಾಣುತ್ತಾನೆಯೇ ಎಂದು ಶುರುಮಾಡಿದವಳು ಎಲ್ಲಿಗೆ ಮುಗಿಸಿದೆನೋ ನೆನಪಿಲ್ಲ. ಸ್ವಲ್ಪ ಅತಿಯಾಯಿತು, ನಿಜ.

"ಆ ದೃಶ್ಯದಲ್ಲಿ ನೀನು ಯಾರ ಮುಖ ನೋಡುತ್ತೀಯಾ?" ಎಂದು ಅವಳು ಕೇಳಿದ್ದರೆ ಭಾಷಣವೇ ಬೇಕಿರಲಿಲ್ಲ. ಯಾರೂ ಕೇಳುವುದಿಲ್ಲ. ಮೊದಮೊದಲು ನಾನೂ ನಾರ್ಮನ್‌ನನ್ನೇ ನೋಡುತ್ತಿದ್ದೆ. ಈಗ ನೋಡುವುದು ಎಥೆಲ್‌ಳನ್ನು. ಅವಳ ತಲೆ ಸಣ್ಣಗೆ ಅದುರುತ್ತಿರುತ್ತದೆ. ಅದು ನಟನೆಯಲ್ಲ, ಕ್ಯಾಥರಿನ್ ಹೆಪ್‌ಬರ್ನ್ ಅವರಿಗೆ ನಿಜವಾಗಿಯೂ ನಡುಕವಿತ್ತು. ಊಟವಾದ ಮೇಲೆ ಇಬ್ಬರೂ ಆ ದಾರಿಯಲ್ಲಿ ಹೋಗಿ ಬರೋಣ, ನಿನಗೆ ಎಲ್ಲವೂ ನೆನಪಾಗುತ್ತದೆ ಎನ್ನುತ್ತಾಳೆ. ನೆನಪಾಗುತ್ತದೋ ಇಲ್ಲವೋ ಅವಳ ಕೈಯಲ್ಲಿಲ್ಲ. ಊಟವಾದ ಮೇಲೆ ಜೊತೆಗೆ ಹೋಗುವುದಷ್ಟೇ ಅವಳ ಕೈಯಲ್ಲಿರುವುದು, ಅಷ್ಟನ್ನು ಕೊಡುತ್ತಾಳೆ. ಮನಸ್ಸಿಗೆ ಹಿತ ಕೊಡುವ ಸಿನಿಮಾ ಎನ್ನುತ್ತೀರಲ್ಲ, ನನಗೆ ಆ ಹಿತ ಸಿಗುವುದು ಇಲ್ಲಿ, ಮೀನು ಹಿಡಿಯುವಲ್ಲಿ ಅಲ್ಲ.

ಇಷ್ಟು ಹಳೆಯ ದಂಪತಿಯಂತೆ ಕಾಣುವ ಹೆನ್ರಿ ಫೊಂಡಾ ಮತ್ತು ಹೆಪ್‌ಬರ್ನ್ ದಶಕಗಳ ಕಾಲ ಒಂದೇ ಉದ್ಯಮದಲ್ಲಿದ್ದೂ ಈ ಚಿತ್ರಕ್ಕೆ ಮೊದಲು ಭೇಟಿಯೇ ಆಗಿರಲಿಲ್ಲ. ತೀರಿಹೋಗಿದ್ದ ತಮ್ಮ ಸಂಗಾತಿ ಸ್ಪೆನ್ಸರ್ ಟ್ರೇಸಿಯ ಟೋಪಿಯನ್ನು ಹೆಪ್‌ಬರ್ನ್ ತಂದು ಫೊಂಡಾಗೆ ಕೊಟ್ಟರು. ಚಿತ್ರದಲ್ಲಿ ಫೊಂಡಾ ಅದನ್ನು ತೊಟ್ಟಿದ್ದಾರೆ. ಇಬ್ಬರಿಗೂ ಆಸ್ಕರ್ ಬಂತು. 76ರ ಫೊಂಡಾ ಸಮಾರಂಭಕ್ಕೆ ಹೋಗುವ ಸ್ಥಿತಿಯಲ್ಲಿರಲಿಲ್ಲ; ಚಿತ್ರದಲ್ಲೂ ಮಗಳಾಗಿದ್ದ ಅವರ ಮಗಳು ಜೇನ್ ಪ್ರಶಸ್ತಿ ಪಡೆದರು. ಅದೇ ವರ್ಷ, 1982ರ ಆಗಸ್ಟ್‌ನಲ್ಲಿ, ಹೆನ್ರಿ ಫೊಂಡಾ ತೀರಿಕೊಂಡರು.

"ಇದೆಲ್ಲ ವಯಸ್ಸಾದವರಿಗೆ ಅರ್ಥವಾಗುವಂಥದ್ದು, ಬಿಡಿ" ಎನ್ನುವವರಿಗೂ ಒಂದು ಮಾತು: ಚಿತ್ರಕ್ಕೆ ಆಧಾರವಾದ ನಾಟಕವನ್ನು ಬರೆದಾಗ ಅರ್ನೆಸ್ಟ್ ಥಾಂಪ್ಸನ್‌ಗೆ ಮೂವತ್ತೂ ತುಂಬಿರಲಿಲ್ಲ.

ಮೊನ್ನೆ ಅದೇ ಗೆಳತಿ ಫೋನ್ ಮಾಡಿ, ಸ್ಟ್ರಾಬೆರಿಯ ದೃಶ್ಯ ಎಷ್ಟನೇ ನಿಮಿಷಕ್ಕೆ ಬರುತ್ತದೆ ಎಂದು ಕೇಳಿದಳು. ಮೊದಲಿನಿಂದ ನೋಡು ಎಂದೆ.