ಅಪ್ಪನ ಕೋಣೆಯ ಎರಡು ಫೋಟೋಗಳು

ಯುಗಾದಿಗೆ ಮುಂಚೆ ಮನೆಗೆ ಬಣ್ಣ ಹೊಡೆಸಿದೆವು. ಮಂಡ್ಯದ ಈ ಮನೆ ಅಪ್ಪ ಕಟ್ಟಿಸಿದ್ದು. ಅಪ್ಪ ಹೋಗಿ ಎರಡು ವರ್ಷವಾದರೂ ಅವರ ಕೋಣೆಯಲ್ಲಿ ನಾನು ಒಂದು ಸಾಮಾನನ್ನೂ ಅಲುಗಾಡಿಸಿರಲಿಲ್ಲ. ಪೇಂಟರ್ ಹುಡುಗ ಗೋಡೆಯಿಂದ ಎರಡು ಫೋಟೋ ಇಳಿಸಿದ. ಧೂಳು ಒರೆಸಿ, ದಪ್ಪ ಮೀಸೆಯವರದ್ದನ್ನು ಎತ್ತಿ ತೋರಿಸಿ, "ಇವರು ನಿಮ್ಮ ತಾತನಾ ಮೇಡಂ?" ಅಂತ ಕೇಳಿದ.

ಅಲ್ಲಪ್ಪ, ಅದು ಸ್ಟಾಲಿನ್, ಇನ್ನೊಂದು ಲೆನಿನ್ ಅಂದೆ. ಹುಡುಗನಿಗೆ ಎರಡು ಹೆಸರೂ ಗೊತ್ತಿರಲಿಲ್ಲ. "ಮೊಳೆ ಬಿಡ್ಲಾ, ಕಿತ್ತು ಪುಟ್ಟಿ ಹಾಕ್ಲಾ?" ಅಂದ. ಸದ್ಯಕ್ಕೆ ಬಿಡು ಅಂದೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೇನೆ. 1917ರಲ್ಲಿ ಲೆನಿನ್ ಮುಂದಾಳತ್ವದಲ್ಲಿ ನಡೆದ ರಷ್ಯಾ ಕ್ರಾಂತಿ, ಅವನ ನಂತರ ಆ ದೇಶ ಆಳಿದ ಸ್ಟಾಲಿನ್, ಈ ಪಾಠ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಆದರೂ ನಮ್ಮ ಮನೆ ಗೋಡೆ ಮೇಲೇ ಇದ್ದ ಇಬ್ಬರ ಬಗ್ಗೆ ನನ್ನ ತೀರ್ಮಾನ ಏನು ಅಂತ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಪ್ಪ ಯಾಕೆ ಆ ಫೋಟೋ ಹಾಕಿದ್ದರು ಅನ್ನೋದನ್ನ ಮೊದಲು ಹೇಳಬೇಕು. ನಮ್ಮೂರು ಪಾಂಡವಪುರದ ಕಡೆ. ತಾತ ಬೇರೆಯವರ ಗದ್ದೆಯನ್ನು ವಾರಕ್ಕೆ ಮಾಡುತ್ತಿದ್ದರು. ಬೆಳೆದದ್ದರಲ್ಲಿ ಅರ್ಧ ಧಣಿಗೆ. ಕಣದಲ್ಲೇ ಅಳೆದು ಅವರ ಗಾಡಿ ತುಂಬಿದ ಮೇಲೆ ಮಿಕ್ಕಿದ್ದು ನಮ್ಮ ಮನೆಗೆ. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಕಾನೂನು ಜಾರಿಗೆ ಬಂತು. ಅಪ್ಪ ಆಗ ಪ್ರೈಮರಿ ಸ್ಕೂಲ್ ಮೇಷ್ಟ್ರು. ಉಳುವ ಗೇಣಿದಾರ ಭೂಮಿಯ ಹಕ್ಕು ಕೇಳುವ ಅರ್ಜಿ, ಫಾರಂ 7, ಅದನ್ನು ತಾತನ ಹೆಸರಲ್ಲಿ ತುಂಬಿದವರು ಅವರೇ. ಊರಿನ ಇನ್ನೂ ಎಷ್ಟೋ ಜನರದ್ದನ್ನ ದೀಪದ ಬೆಳಕಲ್ಲಿ ಕೂತು ತುಂಬಿಕೊಟ್ಟರು. ಭೂನ್ಯಾಯಮಂಡಳಿಗೆ ಅಲೆದೂ ಅಲೆದೂ ಕೊನೆಗೆ ಒಂದೂಕಾಲು ಎಕರೆಯ ಪಹಣಿಯಲ್ಲಿ ತಾತನ ಹೆಸರು ಬಂತು. "ಉಳೋನಿಗೇ ಭೂಮಿ ಅಂತ ಮಾಡಿ ತೋರಿಸಿದವರು ಇವರು ಕಣವ್ವ" ಅಂತ ಅಪ್ಪ ಆ ಫೋಟೋಗಳ ಕಡೆ ಕೈ ತೋರಿಸೋರು.

ಕ್ರಾಂತಿಯಾದ ಮೇಲೆ ರಷ್ಯಾ ಮತ್ತು ಅಕ್ಕಪಕ್ಕದ ನಾಡುಗಳು ಸೇರಿ ಆದ ಸೋವಿಯತ್ ದೇಶದ ಪತ್ರಿಕೆ ನಮ್ಮ ಮನೆಗೆ ಕನ್ನಡದಲ್ಲೇ ಬರುತ್ತಿತ್ತು. ನುಣುಪು ಕಾಗದ, ಬಣ್ಣದ ಚಿತ್ರ. ಓದಿ ಮುಗಿದ ಮೇಲೆ ನಮ್ಮ ಸ್ಕೂಲ್ ಪುಸ್ತಕಕ್ಕೆಲ್ಲ ಅದರದ್ದೇ ಬೈಂಡು. ನನ್ನ ಗಣಿತದ ಪುಸ್ತಕದ ಮೇಲೆ ಒಂದು ಗೋಧಿ ಹೊಲ ಇತ್ತು. ತಲೆಗೆ ಕೆಂಪು ವಸ್ತ್ರ ಕಟ್ಟಿಕೊಂಡ ಹೆಂಗಸು, ಕೈತುಂಬ ತೆನೆ, ಮುಖದ ತುಂಬ ನಗು. ಬೈಂಡು ಹರಿದುಹೋದ ಮೇಲೂ ಆ ನಗು ನನ್ನ ಮನಸ್ಸಲ್ಲಿ ಉಳಿಯಿತು.

ಆ ಚಿತ್ರದಲ್ಲಿ ಇಲ್ಲದ್ದು ಏನು ಅಂತ ಗೊತ್ತಾಗಿದ್ದು ಮೈಸೂರಿಗೆ ಹೋದ ಮೇಲೆ. ಮಾನಸಗಂಗೋತ್ರಿಯಲ್ಲಿ ಇತಿಹಾಸ ಎಂ.ಎ. ಓದುವಾಗ, ಲೈಬ್ರರಿಯಲ್ಲಿ ಕೂತು ಸ್ಟಾಲಿನ್ ಸರ್ಕಾರದ 1932ರ ಆಗಸ್ಟ್ 7ರ ಕಾನೂನಿನ ಬಗ್ಗೆ ಓದಿದೆ. ಸಾಮೂಹಿಕ ಜಮೀನಿನ ಬೆಳೆ ಕದ್ದರೆ ಗುಂಡಿಕ್ಕಿ ಕೊಲ್ಲಬಹುದು. ಕನಿಕರ ತೋರಿಸಿದರೆ ಹತ್ತು ವರ್ಷ ಜೈಲು. ಜನ ಅದನ್ನು ತೆನೆ ಕಾನೂನು ಅಂತ ಕರೆದರು. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆ ಆಯ್ದುಕೊಂಡವರೂ ಅದರಲ್ಲಿ ಸಿಕ್ಕಿಬಿದ್ದರು.

ಹಾಗೆ ಆಯೋದನ್ನ ಹಕ್ಕಲು ಅಂತಾರೆ. ನಮ್ಮ ಅಜ್ಜಿ ಜೀವಮಾನವೆಲ್ಲ ಹಕ್ಕಲು ಆಯ್ದವರು. ಹೊರೆಯೆಲ್ಲ ಕಣಕ್ಕೆ ಹೋದ ಮೇಲೆ ಗದ್ದೆಯಲ್ಲಿ ಅಲ್ಲೊಂದು ಇಲ್ಲೊಂದು ತೆನೆ ಬಿದ್ದಿರುತ್ತೆ. ಅಜ್ಜಿ ಬಗ್ಗಿದ ಬೆನ್ನು ಎತ್ತದೆ ಕೂಳೆಯ ನಡುವೆ ನಡೆಯೋರು. ಕಾಲಿಗೆ ಚುಚ್ಚುತ್ತೆ ಅಂತ ನನ್ನನ್ನು ಬದುವಿನ ಮೇಲೆ ಕೂರಿಸೋರು. ಒಂದೊಂದೇ ತೆನೆ ಎಡಗೈಗೆ ಸೇರಿಸಿ, ಹಿಡಿ ತುಂಬಿದಾಗ ಅದರದ್ದೇ ಹುಲ್ಲಿಂದ ಸುತ್ತಿ ಮಡಿಲಿಗೆ ಹಾಕಿಕೊಳ್ಳೋರು. ಸಂಜೆ ಜಗುಲಿ ಮೇಲೆ ಕಾಲಲ್ಲಿ ಉಜ್ಜಿ ಮೊರದಲ್ಲಿ ಕೇರಿದರೆ ಒಂದು ಸೇರು, ಒಂದೂವರೆ ಸೇರು. ಸ್ವಂತ ಗದ್ದೆ ಬಂದ ಮೇಲೂ ಈ ಅಭ್ಯಾಸ ಬಿಡಲಿಲ್ಲ. ಅರ್ಧ ಬೆಳೆ ಹೊತ್ತುಕೊಂಡು ಹೋಗುತ್ತಿದ್ದ ಧಣಿ ಕೂಡ ಹಕ್ಕಲಿಗೆ ಅಡ್ಡ ಬಂದಿದ್ದಿಲ್ಲ ಅನ್ನೋರು. ಬಿದ್ದ ತೆನೆ ಬಡವರದ್ದು, ಹಕ್ಕಿಗಳದ್ದು.

1932ರಲ್ಲಿ ಅಜ್ಜಿಗೆ ಹದಿನಾರೋ ಹದಿನೇಳೋ ವಯಸ್ಸು. ಅವರ ವಯಸ್ಸಿನವರೇ ಅಲ್ಲಿ ಎಷ್ಟು ಜನ ಇದ್ದಿರಬೇಕು, ಅಲ್ವಾ?

ಆ ಕಾನೂನು ಒಂದೇ ಆಗಿದ್ದರೆ ಬೇರೆ ಮಾತು. 1929ರಿಂದ ಸ್ಟಾಲಿನ್ ರೈತರ ಜಮೀನು, ದನ, ನೇಗಿಲು ಎಲ್ಲವನ್ನೂ ಬಲವಂತವಾಗಿ ಸಾಮೂಹಿಕ ಹೊಲಗಳಿಗೆ ಸೇರಿಸಿದ. ಒಪ್ಪದವರಿಗೆ ಕುಲಾಕ್, ಅಂದರೆ ಸಿರಿವಂತ ರೈತ, ಅಂತ ಹಣೆಪಟ್ಟಿ ಕಟ್ಟಿ, ಮಕ್ಕಳುಮರಿ ಸಮೇತ ಸೈಬೀರಿಯಾದಂಥ ಕಡೆಗೆ ಸಾಗಿಸಿದ. ಬೆಳೆ ಕೈಕೊಟ್ಟರೂ ಧಾನ್ಯದ ವಸೂಲಿ ನಿಲ್ಲಲಿಲ್ಲ. ಬಿತ್ತನೆಗೆ ಇಟ್ಟುಕೊಂಡಿದ್ದನ್ನೂ ಎತ್ತಿಕೊಂಡು ಹೋದರು. 1932-33ರಲ್ಲಿ ಉಕ್ರೇನ್, ಕಜಕಸ್ತಾನ, ವೋಲ್ಗಾ ಸೀಮೆ, ದಕ್ಷಿಣ ರಷ್ಯಾದ ಕುಬಾನ್ ಎಲ್ಲ ಸೇರಿ 50 ಲಕ್ಷಕ್ಕೂ ಜಾಸ್ತಿ ಜನ ಹಸಿವಿನಿಂದ ಸತ್ತರು. ಅದೇ 1932ರಲ್ಲಿ 15 ಲಕ್ಷ ಟನ್ನಿಗೂ ಜಾಸ್ತಿ ಧಾನ್ಯ ಹೊರದೇಶಕ್ಕೆ ಮಾರಾಟವಾಯಿತು. 1933ರ ಜನವರಿಯಲ್ಲಿ ಉಕ್ರೇನ್ ಮತ್ತು ಕುಬಾನಿನ ರೈತರು ಊರು ಬಿಟ್ಟು ಹೋಗದಂತೆ ಆಜ್ಞೆ ಬಂತು. ಹೊಟ್ಟೆಗಿಲ್ಲದಾಗ ಗುಳೆ ಹೋಗೋದು ಬಡವನಿಗಿರುವ ಕೊನೆಯ ದಾರಿ. ಅದನ್ನೂ ಮುಚ್ಚಿದರು.

ನನ್ನ ಎದೆಗೆ ಚುಚ್ಚಿದ ಇನ್ನೊಂದು ವಿಷಯವಿದೆ. 2001ರಲ್ಲಿ, ಆಮೇಲೆ 2011ರಲ್ಲಿ ನಾನು ಜನಗಣತಿ ಡ್ಯೂಟಿ ಮಾಡಿದ್ದೇನೆ. ಬಿಸಿಲಲ್ಲಿ ಮನೆಮನೆ ಅಲೆದು, ಹಿಂದಿನ ದಿನ ಹುಟ್ಟಿದ ಕೂಸನ್ನೂ ಬಿಡದೆ ಬರೆದುಕೊಂಡಿದ್ದೇನೆ. ಸ್ಟಾಲಿನ್ ಕಾಲದಲ್ಲಿ 1937ರ ಜನವರಿಯಲ್ಲಿ ಒಂದು ಜನಗಣತಿ ನಡೆಯಿತು. ಲೆಕ್ಕ ಸುಮಾರು 16.2 ಕೋಟಿಗೆ ನಿಂತಿತು. ಸರ್ಕಾರ ಹೇಳಿಕೊಂಡು ಬಂದಿದ್ದಕ್ಕಿಂತ ತುಂಬಾ ಕಡಿಮೆ. ಸತ್ತವರು ಲೆಕ್ಕದಲ್ಲಿ ಎದ್ದು ಕಾಣುತ್ತಿದ್ದರು. ಗಣತಿಯನ್ನೇ ರದ್ದು ಮಾಡಿದರು. ಅದನ್ನು ನಡೆಸಿದ ಅಧಿಕಾರಿಗಳನ್ನು ಹಿಡಿದು ಒಳಗೆ ಹಾಕಿದರು, ಕೆಲವರನ್ನು ಕೊಂದೇಬಿಟ್ಟರು. ಸರಿಯಾಗಿ ಎಣಿಸಿದ್ದೇ ಅವರ ತಪ್ಪು.

ಇದನ್ನೆಲ್ಲ ಅಪ್ಪನ ಮುಂದೆ ಹೇಳಿದರೆ ಮೊದಮೊದಲು, "ಅದೆಲ್ಲ ಅಮೆರಿಕದವರ ಪ್ರಚಾರ" ಅನ್ನೋರು. ಆಮೇಲೆ ಮಾತು ಬದಲಾಯಿತು. "ತಪ್ಪು ಮಾಡಿದರು, ಸರಿ. ಆದರೆ ಹಿಟ್ಲರನನ್ನು ಸೋಲಿಸಿದ್ದು ಯಾರು? ಮರದ ನೇಗಿಲು ಹಿಡಿದಿದ್ದ ದೇಶ 1961ರಲ್ಲಿ ಗಗಾರಿನ್‌ನನ್ನು ಆಕಾಶಕ್ಕೆ ಕಳಿಸಲಿಲ್ವಾ? ನಮ್ಮ ಭಿಲಾಯಿ ಉಕ್ಕಿನ ಕಾರ್ಖಾನೆಗೆ ಕೈ ಜೋಡಿಸಿದ್ದು ಯಾರು? ಎರಡನ್ನೂ ತೂಗಿ ನೋಡಬೇಕು ಕಣವ್ವ."

ಅಪ್ಪ ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಸೋವಿಯತ್ ಜನ ಸುಮಾರು 2.7 ಕೋಟಿ ಜೀವ ಕೊಟ್ಟು ಆ ಯುದ್ಧ ಗೆದ್ದರು. ಅದಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಯುದ್ಧಕ್ಕೆ ಮುಂಚೆ ಆ ಸೈನ್ಯದ ಅತಿ ಮೇಲಿನ ದರ್ಜೆಯ ಐವರು ಮಾರ್ಷಲ್‌ಗಳಲ್ಲಿ ಮೂವರ ಜೀವ ತೆಗೆದದ್ದು ಸ್ಟಾಲಿನ್ನೇ. 1937-38ರ ಎರಡೇ ವರ್ಷದಲ್ಲಿ ಸುಮಾರು 6.8 ಲಕ್ಷ ಜನರಿಗೆ ಗುಂಡಿಟ್ಟ ದಾಖಲೆ ಅವರದ್ದೇ ಕಡತಗಳಲ್ಲಿದೆ. ತೂಗೋ ಮಾತನ್ನೇ ನಾನು ಒಪ್ಪಲಿಲ್ಲ. ತಕ್ಕಡಿಯ ಎರಡು ತಟ್ಟೆಯಲ್ಲಿ ಇರೋದು ಬೇರೆಬೇರೆ ಜನ. ಉಕ್ರೇನಿನ ಹಳ್ಳಿಯಲ್ಲಿ ಹಸಿದು ಸತ್ತ ಹುಡುಗಿಗೆ ಉಕ್ಕಿನ ಕಾರ್ಖಾನೆಯಿಂದ ಏನೂ ಬರಲಿಲ್ಲ. ನಿಮಗೆ ಕೊಡಬೇಕಾದ ಸಾಲವನ್ನ ಪಕ್ಕದ ಮನೆಯವರಿಗೆ ತೀರಿಸಿದೆ ಅಂತ ಯಾರಾದರೂ ಹೇಳಿದರೆ ಒಪ್ಪುತ್ತೀರಾ ಅಪ್ಪ, ಅಂತ ಕೇಳಿದ್ದೆ.

ಲೆನಿನ್ ವಿಷಯದಲ್ಲಿ ನನಗೆ ಬಹಳ ಕಾಲ ಮೃದು ಮನಸ್ಸಿತ್ತು. ಅಧಿಕಾರ ಹಿಡಿದ ಮಾರನೇ ದಿನವೇ ಭೂಮಿ ರೈತರಿಗೆ ಅಂತ ಆಜ್ಞೆ ಹೊರಡಿಸಿದವನು. ಸ್ಟಾಲಿನ್ ಒರಟು, ಅವನನ್ನು ಪಕ್ಷದ ಪ್ರಧಾನ ಕಾರ್ಯದರ್ಶಿ ಹುದ್ದೆಯಿಂದ ತೆಗೆಯಿರಿ ಅಂತ 1923ರ ಜನವರಿಯಲ್ಲಿ ಹಾಸಿಗೆ ಹಿಡಿದಾಗಲೂ ಬರೆಸಿದವನು. ಆದರೆ 1918ರಲ್ಲೇ ಬಂದೂಕು ಕೊಟ್ಟು ಹಳ್ಳಿಗಳಿಗೆ ಧಾನ್ಯ ಕಿತ್ತುಕೊಳ್ಳಲು ಜನ ಕಳಿಸಿದವನೂ ಅವನೇ. ಚುನಾವಣೆಯಲ್ಲಿ ಗೆದ್ದುಬಂದ ಸಂವಿಧಾನ ಸಭೆಯನ್ನು ಒಂದೇ ದಿನಕ್ಕೆ ಮುಚ್ಚಿಸಿದವನೂ ಅವನೇ. ಬಾಗಿಲು ತೆರೆದಿಟ್ಟವನು ಅವನು ಅಂತಲೇ ಈಗ ನನಗೆ ಅನ್ನಿಸುತ್ತೆ.

ನನಗೆ ಮತ್ತೆ ಮತ್ತೆ ನೆನಪಾಗುವವನು ಸ್ಟಾಲಿನ್ ಸತ್ತ ಮೇಲೆ ಸೋವಿಯತ್ ನಾಯಕನಾದ ಕ್ರುಶ್ಚೇವ್. ಸ್ಟಾಲಿನ್ ಕೈಕೆಳಗೆ ಉಕ್ರೇನಿನಲ್ಲಿ, ಮಾಸ್ಕೋದಲ್ಲಿ ಕೆಲಸ ಮಾಡಿದವನು. ಅವನ ಕೈಗೂ ರಕ್ತ ಅಂಟಿತ್ತು. ಆದರೂ 1956ರ ಫೆಬ್ರವರಿ 25ರಂದು ಪಕ್ಷದ ಸಭೆಯಲ್ಲಿ ಎದ್ದು ನಿಂತು, ನಡೆದದ್ದರಲ್ಲಿ ಸ್ವಲ್ಪವನ್ನಾದರೂ ಬಾಯಿಬಿಟ್ಟು ಹೇಳಿದ. ಲಕ್ಷಾಂತರ ಜನ ಕೈದಿಗಳ ದುಡಿಮೆ ಕ್ಯಾಂಪುಗಳಿಂದ ಮನೆಗೆ ಬಂದರು. ಒಂದೇ ರೂಮಿನಲ್ಲಿ ಒತ್ತಾಗಿ ಬದುಕುತ್ತಿದ್ದ ಸಂಸಾರಗಳಿಗೆ ಸಣ್ಣದಾದರೂ ಬೇರೆಯದೇ ಫ್ಲಾಟ್ ಸಿಕ್ಕಿತು. ಆ ಮಾತು ಹೇಳಿದ ವರ್ಷವೇ ಹಂಗೇರಿಗೆ ಟ್ಯಾಂಕ್ ನುಗ್ಗಿಸಿದ. 1962ರಲ್ಲಿ ನೊವೊಚೆರ್ಕಾಸ್ಕ್‌ನಲ್ಲಿ ಬೆಲೆ ಏರಿಕೆ ವಿರುದ್ಧ ಬೀದಿಗಿಳಿದ ಕಾರ್ಮಿಕರ ಮೇಲೆ ಗುಂಡು ಹಾರಿತು. ಅದೇ ವರ್ಷದ ಕೊನೆಗೆ ಎರ್ನ್‌ಸ್ಟ್ ನೀಜ್ವೆಸ್ತ್ನಿ ಅನ್ನೋ ಶಿಲ್ಪಿಯನ್ನು ಕಲಾ ಪ್ರದರ್ಶನದಲ್ಲಿ ಎಲ್ಲರೆದುರು ಬಾಯಿಗೆ ಬಂದಂತೆ ಬೈದ. ಕ್ರುಶ್ಚೇವ್ 1971ರಲ್ಲಿ ತೀರಿಕೊಂಡ ಮೇಲೆ ಅವನ ಸಮಾಧಿಯ ಕಲ್ಲು ಮಾಡಿಕೊಟ್ಟವನು ಅದೇ ಶಿಲ್ಪಿ. ಬಿಳಿ ಅಮೃತಶಿಲೆ, ಕಪ್ಪು ಗ್ರಾನೈಟ್. ಒಂದರ ಮೂಲೆ ಇನ್ನೊಂದರೊಳಗೆ ಸಿಕ್ಕಿಕೊಂಡಿದೆ. ನಡುವೆ ಅವನ ತಲೆ. ಬೈಸಿಕೊಂಡವನು ಇಷ್ಟು ನ್ಯಾಯವಾಗಿ ತೀರ್ಪು ಕೊಟ್ಟಿದ್ದಾನಲ್ಲ ಅಂತ ಆ ಕಲ್ಲಿನ ಫೋಟೋ ನೋಡಿದಾಗಲೆಲ್ಲ ಅನ್ನಿಸುತ್ತೆ.

ಸೋವಿಯತ್ ದೇಶದ ಕೊನೆಯ ನಾಯಕ ಗೋರ್ಬಚೇವ್ ಹೆಸರು ಎತ್ತಿದರೆ ಅಪ್ಪನಿಗೆ ಆಗುತ್ತಿರಲಿಲ್ಲ. 1991ರ ಡಿಸೆಂಬರ್ 25ರಂದು ಅವನು ಅಧಿಕಾರದಿಂದ ಇಳಿದ, ಸೋವಿಯತ್ ದೇಶ ಒಡೆದುಹೋಯಿತು. ಮಾರನೇ ಬೆಳಿಗ್ಗೆ ರೇಡಿಯೋದಲ್ಲಿ ಕೇಳಿ ಅಪ್ಪ ರೊಟ್ಟಿ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದರು. ಇಡೀ ದಿನ ಮಾತಿಲ್ಲ. "ಮನೆ ಮುರಿದ" ಅಂತ ಸಂಜೆ ಒಂದೇ ಮಾತು ಹೇಳಿದರು. ನನಗೆ ಹಾಗನ್ನಿಸಲ್ಲ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಎರಡು ದಿನ ಬಾಯಿ ಬಿಡದೆ ಇದ್ದದ್ದು, ಜನರ ಮುಂದೆ ಬರಲು ಮೇ 14ರವರೆಗೆ ಕಾದದ್ದು ಅವನ ದೊಡ್ಡ ತಪ್ಪು. 1991ರ ಜನವರಿಯಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಜನರ ಮೇಲೆ ಟ್ಯಾಂಕ್ ಹರಿದದ್ದೂ ಅವನ ಕಾಲದಲ್ಲೇ. ಆದರೆ 1989ರಲ್ಲಿ ಪೂರ್ವ ಯುರೋಪಿನ ಜನ ಬೀದಿಗೆ ಬಂದಾಗ ಅವನು ಸೈನ್ಯ ಕಳಿಸಲಿಲ್ಲ. ಸ್ಟಾಲಿನ್ ಕಾಲದಲ್ಲಿ ಸತ್ತವರ ಹೆಸರು ಹುಡುಕಿ ಬರೆಯುವ 'ಮೆಮೋರಿಯಲ್' ಸಂಸ್ಥೆ ಹುಟ್ಟಿದ್ದು ಅವನ ಕಾಲದಲ್ಲಿ. 2021ರ ಡಿಸೆಂಬರಿನಲ್ಲಿ ರಷ್ಯಾದ ಸುಪ್ರೀಂ ಕೋರ್ಟ್ ಅದನ್ನು ಮುಚ್ಚಲು ಹೇಳಿತು. ಆ ಸುದ್ದಿ ಓದಿದ ದಿನ ನನಗೆ 1937ರ ಜನಗಣತಿಯೇ ನೆನಪಾಯಿತು.

ಅಪ್ಪ ಹಾಸಿಗೆ ಹಿಡಿದಿದ್ದ ಕೊನೆಯ ಮಳೆಗಾಲ ಅವರಿಗೆ ಒಂದು ವಿಷಯ ಓದಿ ಹೇಳಿದೆ. 1932ರ ಕೊನೆಗೆ ಅಲ್ಲಿ ಒಳನಾಡಿನ ಪಾಸ್‌ಪೋರ್ಟ್ ಪದ್ಧತಿ ಬಂತು. ಅದಿಲ್ಲದೆ ಪಟ್ಟಣದಲ್ಲಿ ನೆಲೆಸೋ ಹಾಗಿಲ್ಲ. ಸಾಮೂಹಿಕ ಹೊಲದ ರೈತರಿಗೆ ಮಾತ್ರ ಅದನ್ನು ಕೊಡಲಿಲ್ಲ. ಅವರಿಗೂ ಕೊಡಬೇಕು ಅಂತ ತೀರ್ಮಾನವಾಗಿದ್ದು 1974ರಲ್ಲಿ.

"ಎಷ್ಟರಲ್ಲಿ ಅಂದೆ?"

"1974, ಅಪ್ಪ. ನೀವು ಫಾರಂ 7 ತುಂಬಿದ ವರ್ಷ."

ಅವರು ತುಂಬಾ ಹೊತ್ತು ಸೂರು ನೋಡುತ್ತಾ ಮಲಗಿದ್ದರು. ಆಮೇಲೆ, "ಅವ್ವ ಹಕ್ಕಲು ಆಯ್ತಿದ್ದಳಲ್ಲ, ನಿನಗೆ ನೆನಪಿದೆಯಾ?" ಅಂದರು. ಇದೆ ಅಂದೆ. ಮತ್ತೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ.

ಎರಡನೇ ಕೋಟಿಂಗಿಗೆ ಹುಡುಗ ಬಂದಾಗ ಎರಡು ಮೊಳೆಯನ್ನೂ ಕೀಳಿಸಿದೆ. ಪುಟ್ಟಿ ಒಣಗಿದ ಮೇಲೆ ಗುರುತೂ ಸಿಗಲಿಲ್ಲ. ಫೋಟೋಗಳನ್ನು ಹಳೆ ಪಂಚೆಯಲ್ಲಿ ಸುತ್ತಿ ಅಪ್ಪನ ಟ್ರಂಕಿನಲ್ಲಿ ಇಟ್ಟಿದ್ದೇನೆ, ಅವರ ಕನ್ನಡಕದ ಪಕ್ಕ, ಊರಿನವರ ಫಾರಂಗಳ ಕಾರ್ಬನ್ ಪ್ರತಿಗಳ ಮೇಲೆ.