ಬೆನ್ನಿನ ಆಪರೇಷನ್ ಆದ ಮೇಲೆ ಎಷ್ಟು ದಿನ ಇರಬೇಕು? ವಾರ್ಡಿನ ಕಡೆಯಿಂದ ಕೆಲವು ಮಾತು

ಬೆನ್ನಿನ ಆಪರೇಷನ್ ಆದವರನ್ನು ಆಸ್ಪತ್ರೆಯಲ್ಲಿ ಹಿಡಿದು ಕೂರಿಸುವುದು ಬಹಳ ಸಲ ಬೆನ್ನೇ ಆಗಿರುವುದಿಲ್ಲ. ಮೂತ್ರ ಕಟ್ಟಿರುತ್ತದೆ. ಹೊಟ್ಟೆ ಉಬ್ಬಿರುತ್ತದೆ. ಶುಗರ್ ಏರಿರುತ್ತದೆ. ಇಲ್ಲಾಂದ್ರೆ ಕರ್ಕೊಂಡು ಹೋಗೋಕೆ ಮಗ ಬೆಂಗಳೂರಿಂದ ಶನಿವಾರ ಬರಬೇಕಿರುತ್ತದೆ. ಸ್ಕ್ರೂ ಸರಿಯಾಗಿ ಕೂತಿದೆ, ಎಕ್ಸ್‌ರೇ ಚೆನ್ನಾಗಿದೆ, ಗಾಯ ಒಣಗಿದೆ, ಆದರೂ ಪೇಶೆಂಟ್ ಇನ್ನೂ ಅದೇ ಮಂಚದ ಮೇಲೆ.

ನಾನು ಶಿವಮೊಗ್ಗ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂಳೆ ಮತ್ತು ಬೆನ್ನಿನ ವಾರ್ಡಿನ ಇನ್‌ಚಾರ್ಜ್ ನರ್ಸ್. ಸಾಗರ, ಹೊಸನಗರ, ತೀರ್ಥಹಳ್ಳಿ, ಚನ್ನಗಿರಿ ಕಡೆಯಿಂದ ಜನ ಬರುತ್ತಾರೆ. ಅಡ್ಮಿಷನ್ ದಿನವೇ ಮನೆಯವರು ಕೇಳುವ ಮೊದಲ ಪ್ರಶ್ನೆ ಖರ್ಚಿನದು, ಎರಡನೆಯದು ದಿನದ್ದು. ಖರ್ಚಿಗೆ ಬಿಲ್ಲಿಂಗ್‌ನವರಿದ್ದಾರೆ. ದಿನದ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವು. ಈ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು: ಆ ಉತ್ತರದ ಅರ್ಧ ಭಾಗ ಪೇಶೆಂಟ್ ಆಸ್ಪತ್ರೆಗೆ ಬರುವ ಮೊದಲೇ ತೀರ್ಮಾನ ಆಗಿರುತ್ತದೆ.

ಮೊದಲು ಒಂದು ಅಂದಾಜು ಹೇಳಿಬಿಡುತ್ತೇನೆ. ಒಂದೇ ಜಾಗದ ಡಿಸ್ಕ್ ತೆಗೆಯುವ ಆಪರೇಷನ್ ಆದರೆ ಮಾರನೇ ದಿನ ಅಥವಾ ಅದರ ಮಾರನೇ ದಿನ ಮನೆಗೆ. ಸ್ಕ್ರೂ, ರಾಡ್ ಹಾಕಿ ಒಂದೆರಡು ಮೂಳೆ ಸೇರಿಸಿದ್ದರೆ ಮೂರರಿಂದ ಐದು ದಿನ. ಬೆನ್ನು ಸೊಟ್ಟಗಾಗಿರುವ ಮಕ್ಕಳಿಗೆ ಉದ್ದಕ್ಕೆ ಮಾಡುವ ದೊಡ್ಡ ಆಪರೇಷನ್ ಆದರೆ ಹೆಚ್ಚುಕಡಿಮೆ ಒಂದು ವಾರ. ಎಷ್ಟು ಮೂಳೆ ಮುಟ್ಟಿದ್ದಾರೆ, ಎಷ್ಟು ಹೊತ್ತು ನಡೆಯಿತು, ರಕ್ತ ಎಷ್ಟು ಹೋಯಿತು, ಇವು ಈ ಲೆಕ್ಕದ ಬುಡ. ನರದ ಸುತ್ತ ಇರುವ ತೆಳು ಪೊರೆ ಎಲ್ಲಾದರೂ ಸ್ವಲ್ಪ ಹರಿದಿದ್ದರೆ ಡಾಕ್ಟರು ಅದನ್ನು ಹೊಲಿದು, ಒಂದೆರಡು ದಿನ ಅಂಗಾತ ಮಲಗಿಸುವುದುಂಟು. ಆಗ ಲೆಕ್ಕಕ್ಕೆ ಅಷ್ಟೇ ದಿನ ಸೇರುತ್ತದೆ. ಇದೆಲ್ಲ ಸರ್ಜನ್ ಕೈಯಲ್ಲಿರುವುದು. ಉಳಿದದ್ದು ನಮ್ಮ ಕೈಲಿ, ಮನೆಯವರ ಕೈಲಿ.

ಅಡಿಕೆ ಮರದಿಂದ ಬಿದ್ದು ಬಂದವರ ಲೆಕ್ಕ ಮಾತ್ರ ಬೇರೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲಲ್ಲಿ ಸ್ವಾಧೀನ ಇಲ್ಲದವರಿಗೆ ದಿನಗಳ ಮಾತೇ ಇಲ್ಲ, ವಾರಗಳ ಮಾತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹುಣ್ಣಾಗದ ಹಾಗೆ ನೋಡಿಕೊಳ್ಳಬೇಕು, ಪೈಪ್ ಹಾಕಿ ಮೂತ್ರ ತೆಗೆಯುವುದನ್ನು ಮನೆಯವರಿಗೆ ಕಲಿಸಬೇಕು. ಕೆಳಗಿನಿಂದಲೇ ಕೊಯ್ಯುವ ಉದ್ದನೆಯ ಕಾರ್ಬನ್ ಫೈಬರ್ ದೋಟಿ ಈಗ ನಮ್ಮ ಕಡೆ ತುಂಬಾ ತೋಟಗಳಿಗೆ ಬಂದಿದೆ. ಅದು ದುಬಾರಿ ಅನ್ನುವವರನ್ನು ಒಂದು ದಿನ ನಮ್ಮ ವಾರ್ಡಿಗೆ ಕಳಿಸಿ. ಇರಲಿ, ಇಲ್ಲಿ ನಾನು ಹೇಳುತ್ತಿರುವುದು ದಿನ ಗೊತ್ತು ಮಾಡಿಕೊಂಡು ಬರುವ ಆಪರೇಷನ್‌ಗಳ ಬಗ್ಗೆ.

ಬರುವ ಮೊದಲು ಏನೇನು ತೀರ್ಮಾನ ಆಗಿರುತ್ತದೆ ಅಂತ ಹೇಳುತ್ತೇನೆ. ಶುಗರ್ ಒಂದು. ಆಪರೇಷನ್ ದಿನ ಬೆಳಿಗ್ಗೆ ನೋಡಿದ ಶುಗರ್ ಅಲ್ಲ, ಹಿಂದಿನ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ. ಅದು 8ರ ಮೇಲಿದ್ದರೆ ಅರ್ಜೆಂಟ್ ಇಲ್ಲದ ಆಪರೇಷನ್ನನ್ನು ಮುಂದೆ ಹಾಕುವ ಡಾಕ್ಟರುಗಳು ಜಾಸ್ತಿ. ಮುಂದೆ ಹಾಕಿದ್ದಕ್ಕೆ ಸಿಟ್ಟಾಗುವವರೂ ಇದ್ದಾರೆ. ಆದರೆ ಆ ಶುಗರ್‌ನಲ್ಲೇ ಮಾಡಿದರೆ ಗಾಯ ಸೋರುತ್ತದೆ, ಸೋಂಕು ತಗಲುತ್ತದೆ, ಮೂರು ದಿನದ ಕೆಲಸ ಮೂರು ವಾರಕ್ಕೆ ಹೋಗುತ್ತದೆ. ಎರಡನೆಯದು ರಕ್ತ. ನಮ್ಮ ಕಡೆ ಗದ್ದೆ, ತೋಟದಲ್ಲಿ ದುಡಿಯುವ ಹೆಂಗಸರಲ್ಲಿ ಹಿಮೋಗ್ಲೋಬಿನ್ ಬರೀ 9 ಇರುವವರು ಅಪರೂಪ ಏನಲ್ಲ. ಆಪರೇಷನ್‌ನಲ್ಲಿ ಇನ್ನಷ್ಟು ಹೋದರೆ ಎದ್ದು ನಿಂತ ಕೂಡಲೇ ತಲೆ ಸುತ್ತು. ತಲೆ ಸುತ್ತಿದವರನ್ನು ನಡೆಸುವ ಹಾಗಿಲ್ಲ, ನಡೆಯದವರನ್ನು ಕಳಿಸುವ ಹಾಗಿಲ್ಲ. ಒಂದು ತಿಂಗಳು ಮೊದಲೇ ಕಬ್ಬಿಣದ ಮಾತ್ರೆಯೋ ಡ್ರಿಪ್ಪೋ ಶುರು ಮಾಡಿದ್ದರೆ ಈ ಪಾಡಿಲ್ಲ.

ಮೂರನೆಯದು ಬಾಯಿ. ಹೌದು, ಬೆನ್ನಿಗೂ ಬಾಯಿಗೂ ಸಂಬಂಧ ಇದೆ! ವರ್ಷಗಟ್ಟಲೆ ಗುಟ್ಕಾ, ಎಲೆಯಡಿಕೆ ಜೊತೆ ಹೊಗೆಸೊಪ್ಪು ಜಗಿದವರಲ್ಲಿ ಕೆನ್ನೆಯ ಒಳಭಾಗ ಬಿಗಿದು ಬಾಯಿ ಪೂರ್ತಿ ತೆರೆಯುವುದಿಲ್ಲ. ಅರಿವಳಿಕೆ ಡಾಕ್ಟರು ಉಸಿರಿನ ಪೈಪನ್ನು ಬಾಯಿಯಿಂದ ಇಳಿಸಬೇಕಲ್ವಾ? ಅದಕ್ಕೇ ಅವರು ಬಂದ ತಕ್ಷಣ ಬಾಯಿ ತೆಗೆಸಿ ಬೆರಳಿಟ್ಟು ಅಳೆಯುತ್ತಾರೆ. ಮೂರು ಬೆರಳು ಹಿಡಿಸದಿದ್ದರೆ ಅವರ ಮುಖವೇ ಬದಲಾಗುತ್ತದೆ. ಬೀಡಿ, ಸಿಗರೇಟಿನದು ಇನ್ನೊಂದು ಕಥೆ. ಕಫ ಕಟ್ಟುತ್ತದೆ, ಕೆಮ್ಮಿದಾಗಲೆಲ್ಲ ಗಾಯ ಎಳೆಯುತ್ತದೆ, ಮೂಳೆ ಕೂಡುವುದೂ ನಿಧಾನ. ಕಡೇ ಪಕ್ಷ ನಾಲ್ಕು ವಾರ ಮೊದಲು ಬಿಡಿ ಅಂತ ಹೇಳುತ್ತೇವೆ. "ನಿನ್ನೆಯಿಂದ ಬಿಟ್ಟಿದೀನಿ ಸಿಸ್ಟರ್" ಅನ್ನುತ್ತಾರೆ.

ಈಗ ವಾರ್ಡಿನ ಒಳಗಿನ ವಿಷಯಕ್ಕೆ ಬರುತ್ತೇನೆ. ಹೊಸಬರಿಗೆ ನಾನು ಮೊದಲು ಕಲಿಸುವುದು ಎಬ್ಬಿಸಿ ನಿಲ್ಲಿಸುವುದನ್ನು. ಆಪರೇಷನ್ ಆದ ದಿನ ಸಂಜೆಯೋ ಮಾರನೇ ಬೆಳಿಗ್ಗೆಯೋ ಡಾಕ್ಟರು ಒಪ್ಪಿದ ಕೂಡಲೇ ಪೇಶೆಂಟನ್ನು ಏಳಿಸಬೇಕು. ಮಂಡಿ ಮಡಿಸಿಸಿ, ಹೆಗಲು ಸೊಂಟ ಎರಡೂ ಒಟ್ಟಿಗೆ, ಬೆನ್ನು ತಿರುಚದ ಹಾಗೆ ಪಕ್ಕಕ್ಕೆ ಹೊರಳಿಸಬೇಕು. ಕಾಲು ಮಂಚದಿಂದ ಕೆಳಗೆ ಬಿಡುತ್ತಿದ್ದ ಹಾಗೇ ಪೇಶೆಂಟ್ ಮೊಣಕೈ ಊರಿ ಮೇಲೆ ಬರಬೇಕು. ಅಲ್ಲಿ ತಡೆಯಿರಿ. ಕಾಲು ಇಳಿಬಿಟ್ಟು ಕೂತೇ ಇರಲಿ, ಬಿಪಿ ನೋಡಿ, ಮುಖ ನೋಡಿ. ಹಣೆಯಲ್ಲಿ ಬೆವರು ಮೂಡಿ ತುಟಿ ಬಿಳಚಿದರೆ ವಾಪಸ್ ಮಲಗಿಸಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ. ಸರಿ ಇದ್ದರೆ ಬೆಲ್ಟ್ ಕಟ್ಟಿ, ವಾಕರ್ ಕೊಟ್ಟು, ಬಾಗಿಲ ತನಕ. ಮೊದಲ ದಿನ ಅಷ್ಟು ಸಾಕು. ಮನೆಯವರು ಓಡಿಬಂದು ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ, ಅದಕ್ಕೆ ಮಾತ್ರ ಅವಕಾಶ ಕೊಡಬೇಡಿ, ಬೆನ್ನು ತಿರುಚುವುದೇ ಆಗ.

ಇದಕ್ಕೂ ದಿನಕ್ಕೂ ಏನು ಸಂಬಂಧ ಅಂದರೆ ಹೇಳುತ್ತೇನೆ ಕೇಳಿ. ಬೆಳಿಗ್ಗೆ ಮೊದಲ ಕೇಸ್ ಆಗಿ ಓಟಿಗೆ (ಆಪರೇಷನ್ ಥಿಯೇಟರಿಗೆ) ಹೋದವರು ಮಧ್ಯಾಹ್ನ ವಾರ್ಡಿಗೆ ಬರುತ್ತಾರೆ, ಸಂಜೆ ನಿಲ್ಲುತ್ತಾರೆ. ಕೊನೇ ಕೇಸ್ ಆದವರು ರಾತ್ರಿ ಬರುತ್ತಾರೆ, ಅಷ್ಟರಲ್ಲಿ ವ್ಯಾಯಾಮ ಮಾಡಿಸಿ ನಡೆಸುವ ಫಿಸಿಯೋದವರು ಮನೆಗೆ ಹೋಗಿಯಾಗಿರುತ್ತದೆ. ಅವರು ಮಾರನೇ ದಿನ ಬಂದು, ಇರುವವರನ್ನೆಲ್ಲ ನೋಡಿಕೊಂಡು ಈ ಪೇಶೆಂಟ್ ಹತ್ತಿರ ಬರುವಾಗ ಹನ್ನೊಂದೂವರೆ. ಅದೂ ಶನಿವಾರದ ಕೊನೇ ಕೇಸ್ ಆಗಿದ್ದರೆ ಮಾರನೇ ದಿನ ಭಾನುವಾರ. ಒಂದೇ ಆಪರೇಷನ್, ಒಂದೇ ಸರ್ಜನ್, ಒಂದೇ ವಯಸ್ಸು, ಆದರೂ ಸೋಮವಾರ ಬೆಳಿಗ್ಗೆ ಮಾಡಿಸಿಕೊಂಡವರಿಗಿಂತ ಶನಿವಾರದವರು ಜಾಸ್ತಿ ದಿನ ಇರುತ್ತಾರೆ. ಅದಕ್ಕೇ ನಮ್ಮಲ್ಲಿ ಈಗ ರಾತ್ರಿ ಪಾಳಿಯ ಸಿಸ್ಟರ್‌ಗಳಿಗೂ ಎಬ್ಬಿಸುವುದನ್ನು ಕಲಿಸಿದ್ದೇವೆ. ಅದು ಫಿಸಿಯೋ ಕೆಲಸ, ನಮ್ಮದಲ್ಲ ಅನ್ನುವ ಮಾತು ಶುರುವಿನಲ್ಲಿ ಬಂದೇ ಬಂತು.

ಮೂತ್ರದ ವಿಷಯ. ಪೈಪ್ ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದು, ಅದರಿಂದಲೇ ಸೋಂಕು ಬರುತ್ತದೆ. ನಾವು ಬೆಳಿಗ್ಗೆ ಆರಕ್ಕೆ ತೆಗೆಯುತ್ತೇವೆ, ತೊಂದರೆ ಆದರೆ ಹಗಲಲ್ಲೇ ಗೊತ್ತಾಗಲಿ ಅಂತ. ಪ್ರಾಸ್ಟೇಟ್ (ಮೂತ್ರಚೀಲದ ಕೆಳಗಿನ ಗ್ರಂಥಿ) ದೊಡ್ಡದಾಗಿರುವ ಅಜ್ಜಂದಿರಿಗೆ ಮಲಗಿಕೊಂಡು ಡಬ್ಬಿಗೆ ಮಾಡಿ ಅಂದರೆ ಆಗುವುದೇ ಇಲ್ಲ. ನಿಲ್ಲಿಸಿ, ಪರದೆ ಎಳೆದು, ನಲ್ಲಿ ಬಿಟ್ಟು, ಸೊಸೆಯನ್ನು ಹೊರಗೆ ಕಳಿಸಿ. ಅರ್ಧ ಜನಕ್ಕೆ ಅಷ್ಟರಲ್ಲೇ ಆಗುತ್ತದೆ. ಆದರೆ ಒಂದು ಮಾತು ನೆನಪಿರಲಿ. ಮೂತ್ರ ಕಟ್ಟಿದ್ದರ ಜೊತೆಗೆ ಕೂರುವ ಜಾಗದಲ್ಲಿ ಜೋಮು, ಅಥವಾ ನಿನ್ನೆ ಎತ್ತುತ್ತಿದ್ದ ಪಾದ ಇವತ್ತು ಏಳುತ್ತಿಲ್ಲ ಅಂದರೆ, ಅದು ಪ್ರಾಸ್ಟೇಟ್ ಅಲ್ಲ. ಒಳಗೆ ರಕ್ತ ಕಟ್ಟಿ ನರ ಒತ್ತುತ್ತಿರಬಹುದು. ರಾತ್ರಿ ಎಷ್ಟೇ ಹೊತ್ತಾಗಿರಲಿ, ಸರ್ಜನ್‌ಗೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯುವ ಕೇಸ್ ಅಲ್ಲ ಅದು.

ಹೊಟ್ಟೆಯದೂ ಅಷ್ಟೇ. ಟ್ರಮಡಾಲ್ ತರಹದ ನೋವಿನ ಔಷಧಿ ವಾಂತಿ ತರಿಸುತ್ತದೆ, ಮಲ ಕಟ್ಟಿಸುತ್ತದೆ. ಅದು ಬೇಡ ಅಂತ ಕೊಡದೇ ಇದ್ದರೆ ನೋವಿಗೆ ಪೇಶೆಂಟ್ ಏಳುವುದಿಲ್ಲ, ಏಳದಿದ್ದರೆ ಹೊಟ್ಟೆ ಇನ್ನೂ ಬಿಗಿ. ಪ್ಯಾರಾಸಿಟಮಾಲ್ ಡಾಕ್ಟರು ಬರೆದ ಹೊತ್ತಿಗೆ ಸರಿಯಾಗಿ ಕೊಟ್ಟುಕೊಂಡು ಬಂದರೆ ಉಳಿದದ್ದು ಕಡಿಮೆ ಸಾಕಾಗುತ್ತದೆ. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮೊದಲು.

ಊಟದ ವಿಷಯದಲ್ಲಿ ಮಾತ್ರ ನನಗೆ ತಾಳ್ಮೆ ಕಮ್ಮಿ. ಮೊಟ್ಟೆ ನಂಜು, ಬದನೆಕಾಯಿ ನಂಜು, ಬೇಳೆ ನಂಜು, ಗಾಯ ಕೀವಾಗುತ್ತೆ ಅಂತ ಬರೀ ಗಂಜಿ, ಬ್ರೆಡ್ಡು. ಬದನೆಕಾಯಿ ಬಿಡಿ, ಅದಿಲ್ಲದೆ ಯಾರೂ ಸೊರಗುವುದಿಲ್ಲ. ಆದರೆ ಮೊಟ್ಟೆ, ಬೇಳೆ, ಹಾಲು, ಮೀನು ಬಿಟ್ಟರೆ ಗಾಯ ಯಾವುದರಿಂದ ಕೂಡಬೇಕು? ಒಮ್ಮೆ ಒಬ್ಬ ಅಜ್ಜಿಗೆ ನಾನು ಮಂಚದ ಪಕ್ಕ ನಿಂತು ಮೊಟ್ಟೆ ತಿನ್ನಿಸುತ್ತಿದ್ದರೆ, ಮಗಳು "ಏನಾದ್ರೂ ಆದ್ರೆ ನೀವೇ ಜವಾಬ್ದಾರಿ" ಅಂದಳು. ಆಯ್ತಮ್ಮ, ನಾನೇ ಅಂದೆ. ಅಜ್ಜಿ ಮಾತ್ರ ಖುಷಿಯಾಗಿ ತಿಂದರು, ಮಾರನೇ ದಿನ ಎರಡು ಕೇಳಿದರು.

ಆಪರೇಷನ್‌ಗೆ ಮೊದಲಿನ ಉಪವಾಸವೂ ಹಾಗೇ. ಹಿಂದಿನ ರಾತ್ರಿ ಊಟ ಆದ ಮೇಲೆ ಹನಿ ನೀರೂ ಇಲ್ಲ ಅನ್ನುವ ಪದ್ಧತಿ ಇತ್ತು. ಈಗ ಗಟ್ಟಿ ಆಹಾರಕ್ಕೆ ಆರು ಗಂಟೆ, ಬರೀ ನೀರಿಗೆ ಎರಡು ಗಂಟೆ ಬಿಟ್ಟರೆ ಬಹಳ ಜನಕ್ಕೆ ಸಾಕು ಅನ್ನುತ್ತಾರೆ ಅರಿವಳಿಕೆಯವರು. ಪೈಪ್ ಬೇಗ ತೆಗೆಯುವುದು, ಬೇಗ ಊಟ ಕೊಡುವುದು, ಬೇಗ ನಡೆಸುವುದು, ಇವನ್ನೆಲ್ಲ ಒಟ್ಟು ಸೇರಿಸಿ ಮಾಡುವ ಕ್ರಮವನ್ನು 1990ರ ದಶಕದಲ್ಲಿ ಡೆನ್ಮಾರ್ಕ್‌ನ ಸರ್ಜನ್ ಹೆನ್ರಿಕ್ ಕೆಲೆಟ್ ಕರುಳಿನ ಆಪರೇಷನ್‌ಗಳಲ್ಲಿ ಶುರು ಮಾಡಿದರು. ಸೊಂಟದ ಭಾಗದ ಬೆನ್ನುಮೂಳೆ ಸೇರಿಸುವ ಆಪರೇಷನ್‌ಗೆ ಅದೇ ದಾರಿಯ ಶಿಫಾರಸುಗಳು 2021ರಲ್ಲಿ ಬಂದವು. ಓದಿದರೆ ದೊಡ್ಡ ಯಂತ್ರ ಏನೂ ಇಲ್ಲ ಅದರಲ್ಲಿ. ಮುಕ್ಕಾಲು ಪಾಲು ನಮ್ಮ ಸಿಸ್ಟರ್‌ಗಳ ಕೆಲಸವೇ.

ಇನ್ನು ಮನೆ. ಹಳೇ ಮನೆಗಳಲ್ಲಿ ಕಕ್ಕಸು ಹಿತ್ತಲಲ್ಲಿ, ಅಲ್ಲಿಗೆ ಹೋಗಲು ಮೂರು ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ. ಒಳಗೆ ಕುಕ್ಕರುಗಾಲಲ್ಲಿ ಕೂರುವ ಬೇಸಿನ್ನು. ಸ್ಕ್ರೂ ಹಾಕಿಸಿಕೊಂಡವರು ಅಲ್ಲಿ ಹೇಗೆ ಕೂರಬೇಕು? ಡಿಸ್ಚಾರ್ಜ್ ಅಂದ ದಿನ ಈ ಮಾತು ಏಳುತ್ತದೆ, ಆಮೇಲೆ ಕಮೋಡ್ ಕುರ್ಚಿ ಹುಡುಕಲು ಒಂದು ದಿನ. ಮಕ್ಕಳೆಲ್ಲ ಊರು ಬಿಟ್ಟು ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು ಮಲೆನಾಡಿನಲ್ಲಿ ಎಷ್ಟಿಲ್ಲ? ಎಪ್ಪತ್ತು ದಾಟಿದ ಹೆಂಡತಿ ಎಪ್ಪತ್ತೈದರ ಗಂಡನನ್ನು ಹಿಡಿದು ನಡೆಸಬೇಕು. ಮಗ ಬರುವ ತನಕ ಇಟ್ಟುಕೊಳ್ಳಿ ಅಂತ ಅವರು ಕೇಳಿದರೆ ನನಗೆ ಬೇಸರ ಆಗುವುದಿಲ್ಲ, ಆದರೆ ಮೊದಲೇ ಹೇಳಿದ್ದರೆ ಆಪರೇಷನ್ ದಿನವನ್ನೇ ಎರಡು ದಿನ ಮುಂದೆ ತಳ್ಳಬಹುದಿತ್ತು. ಈಗ ಓಪಿಡಿಯಲ್ಲೇ ಕೇಳುತ್ತೇವೆ: ಕಕ್ಕಸು ಎಲ್ಲಿದೆ, ಮೆಟ್ಟಿಲು ಎಷ್ಟು, ರಾತ್ರಿ ಜೊತೆಗೆ ಯಾರು, ಕೊಯ್ಲಿನ ಸಮಯವಾ. ಮೆಡಿಕಲ್ ಪ್ರಶ್ನೆ ಬಿಟ್ಟು ಇದೇನು ಕೇಳ್ತಾರೆ ಅಂತ ಕೆಲವರು ನಗುತ್ತಾರೆ.

ಹೊಲಿಗೆ ಬಿಚ್ಚುವ ತನಕ ಇರುತ್ತೇವೆ ಅನ್ನುವವರೂ ಇದ್ದಾರೆ. ಹೊಲಿಗೆ ಬಿಚ್ಚುವುದು ಹತ್ತರಿಂದ ಹದಿನಾಲ್ಕು ದಿನಕ್ಕೆ, ಅಷ್ಟು ದಿನ ಸುಮ್ನೆ ಮಲಗಿದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು, ಆಸ್ಪತ್ರೆಯ ಸೋಂಕು ಅಂಟುವುದು, ಎಲ್ಲಕ್ಕೂ ದಾರಿ. ಹಾಗಂತ ಓಡಿಸುವುದೂ ಸರಿಯಲ್ಲ. ಗಾಯದ ಸೋಂಕು ಎಷ್ಟೋ ಸಲ ತಲೆ ಎತ್ತುವುದೇ ಮನೆಗೆ ಹೋದ ಮೇಲೆ. ಅದಕ್ಕೆ ಮೂರನೇ ದಿನ ನಾವೇ ಫೋನ್ ಮಾಡುತ್ತೇವೆ: ಜ್ವರ ಇದೆಯಾ, ಬಟ್ಟೆ ಒದ್ದೆಯಾಗಿದೆಯಾ, ಹೊಟ್ಟೆ ಹೋಯಿತಾ.

ಕಾಗದದ ಕೆಲಸವೂ ಒಂದು ದಿನ ತಿನ್ನುತ್ತದೆ. ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ಇನ್ಶೂರೆನ್ಸ್ ಕಂಪನಿ ಕ್ಯಾಶ್‌ಲೆಸ್‌ಗೆ ಒಪ್ಪಿಗೆ ಕೊಡಬೇಕು ಅಂತ 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಆದರೆ ಆ ಮೂರು ಗಂಟೆ ಶುರುವಾಗುವುದು ನಮ್ಮ ಕಡೆಯಿಂದ ಕಾಗದ ಹೋದ ಮೇಲೆ. ಹತ್ತಕ್ಕೆ ರೌಂಡ್ಸ್, ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗುವಾಗ ಎರಡು, ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಿ ಬಿಲ್ ಬರುವಾಗ ನಾಲ್ಕು. ಹೊಸನಗರದ ಕಡೇ ಬಸ್ಸಿನ ಮಾತು ಬಿಡಿ, ಕಾರು ಇದ್ದವರೂ ರಾತ್ರಿ ಘಾಟಿ ರಸ್ತೆಯಲ್ಲಿ ಬೆನ್ನು ಕುಲುಕಿಸಿಕೊಂಡು ಹೋಗಲು ಒಪ್ಪುವುದಿಲ್ಲ. ಸಮ್ಮರಿ ಹಿಂದಿನ ಸಂಜೆಯೇ ಮುಕ್ಕಾಲು ಬರೆದಿಟ್ಟರೆ ಮಧ್ಯಾಹ್ನ ಊಟಕ್ಕೆ ಮೊದಲು ಕಳಿಸಬಹುದು. ಡ್ಯೂಟಿ ಡಾಕ್ಟರ ಹಿಂದೆ ಬೀಳಬೇಕು, ಅಷ್ಟೇ.

ಇಷ್ಟೆಲ್ಲ ಮಾಡಿದ ಮೇಲೂ ಮಂಗಳವಾರ ಮತ್ತು ಅಮಾವಾಸ್ಯೆ ಉಳಿಯುತ್ತವೆ. ಎಲ್ಲ ಸರಿಯಿದೆ, ಬಿಲ್ಲೂ ಆಗಿದೆ, "ಇವತ್ತು ಮಂಗಳವಾರ ಸಿಸ್ಟರ್, ನಾಳೆ ಬೆಳಿಗ್ಗೆ ಎದ್ದ ತಕ್ಷಣ ಹೋಗ್ತೀವಿ" ಅಂತಾರೆ. ವಾದ ಮಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಹಾಗಾಗಿ ಓಟಿ ಲಿಸ್ಟ್ ಹಾಕುವಾಗ ಗೋಡೆಯ ಕ್ಯಾಲೆಂಡರ್ ಕೂಡ ನೋಡುತ್ತೇನೆ. ಸ್ಕ್ರೂ ಕೇಸ್ ಶುಕ್ರವಾರ ಬಂದರೆ ನಾಲ್ಕನೇ ದಿನ ಯಾವ ವಾರ ಬೀಳುತ್ತದೆ ಅಂತ ಎಣಿಸಿ, ಆಗುವ ಹಾಗಿದ್ದರೆ ಗುರುವಾರಕ್ಕೆ ಎಳೆಯಿರಿ ಅಂತ ಓಟಿ ಸಿಸ್ಟರ್‌ಗೆ ಹೇಳುತ್ತೇನೆ. ಸರ್ಜನ್‌ಗೂ ಈಗ ಅಭ್ಯಾಸ ಆಗಿದೆ, ಲಿಸ್ಟಿಗೆ ಸಹಿ ಹಾಕುವ ಮೊದಲು "ಕ್ಯಾಲೆಂಡರ್ ನೋಡಿದ್ರಾ?" ಅಂತ ಅವರೇ ಕೇಳುತ್ತಾರೆ.