ಗ್ರೇನ್ ಫ್ರೀ ಕ್ಯಾಟ್ ಫುಡ್: ಧಾನ್ಯ ಹೋದ ಜಾಗಕ್ಕೆ ಏನು ಬಂತು?

ಬೆಕ್ಕಿನ ಆಹಾರದ ಚೀಲದ ಮೇಲಿನ 'ಗ್ರೇನ್ ಫ್ರೀ' ಎಂಬ ಮಾತು ಒಳಗೆ ಏನಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಅಕ್ಕಿ, ಗೋಧಿ, ಮೆಕ್ಕೆಜೋಳ ತೆಗೆದ ಜಾಗಕ್ಕೆ ಏನು ಬಂದಿದೆ ಎಂದು ಹುಡುಕುವುದೇ ಪೌಷ್ಟಿಕತೆ ಅಳೆಯುವ ಕೆಲಸ. ಕಿಬಲ್, ಅಂದರೆ ಕಾಳಿನಂಥ ಒಣ ಆಹಾರ, ಎಕ್ಸ್‌ಟ್ರೂಡರ್ ಯಂತ್ರದಲ್ಲಿ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಬೇಯುತ್ತದೆ. ಅಚ್ಚಿನಿಂದ ಹೊರಬಂದ ಹಿಟ್ಟು ಅರಳಿ, ಪುಡಿಯಾಗದೆ ಕಾಳಾಗಿ ನಿಲ್ಲಬೇಕಾದರೆ ಸಾಮಾನ್ಯವಾಗಿ ಪಿಷ್ಟ ಬೇಕು. ಹಾಗಾಗಿ ಧಾನ್ಯ ಬಿಟ್ಟ ಕಡೆ ಬಟಾಣಿ, ಕಡಲೆ, ಮಸೂರ, ಆಲೂಗಡ್ಡೆ, ಮರಗೆಣಸು ಬರುತ್ತವೆ. ಧಾನ್ಯವಿಲ್ಲ ಎಂದರೆ ಕಾರ್ಬೋಹೈಡ್ರೇಟ್ ಇಲ್ಲ ಎಂದಲ್ಲ.

ಲೇಬಲ್‌ನಲ್ಲಿ ಕಾರ್ಬೋಹೈಡ್ರೇಟ್ ಎಷ್ಟೆಂದು ಹೆಚ್ಚಾಗಿ ಬರೆದಿರುವುದಿಲ್ಲ, ಕಳೆದು ತೆಗೆಯಬೇಕು. 100ರಿಂದ ಪ್ರೋಟೀನ್, ಕೊಬ್ಬು, ನಾರು, ಬೂದಿ, ತೇವಾಂಶ ಇಷ್ಟನ್ನೂ ಕಳೆದರೆ ಉಳಿಯುವುದೇ ಅದು. ಬೂದಿ ಎಂದರೆ ಖನಿಜಾಂಶ. ಅಮೆರಿಕದ ಲೇಬಲ್‌ಗಳಲ್ಲಿ ಅದು ಎಷ್ಟೋ ಸಲ ಇರುವುದಿಲ್ಲ, ಆಗ 7 ಅಥವಾ 8 ಎಂದು ಹಿಡಿಯಿರಿ. ಉದಾಹರಣೆಗೆ ಬಟಾಣಿ, ಆಲೂಗಡ್ಡೆಯ ಒಂದು ಗ್ರೇನ್ ಫ್ರೀ ಆಹಾರದಲ್ಲಿ ಪ್ರೋಟೀನ್ 30, ಕೊಬ್ಬು 12, ನಾರು 5, ಬೂದಿ 8, ತೇವಾಂಶ 9 ಇದ್ದರೆ ಕಾರ್ಬೋಹೈಡ್ರೇಟ್ 36. ಅಕ್ಕಿ ಹಾಕಿದ ಇನ್ನೊಂದರಲ್ಲಿ ಇದೇ ಕ್ರಮದಲ್ಲಿ 38, 18, 3, 7, 8 ಇದ್ದರೆ ಕಾರ್ಬೋಹೈಡ್ರೇಟ್ 26 ಮಾತ್ರ.

ಶೇಕಡಾವಾರಿಗಿಂತ ಶಕ್ತಿಯ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಬೆಕ್ಕು ಹೊಟ್ಟೆ ತುಂಬಿಸಿಕೊಳ್ಳುವುದು ಕ್ಯಾಲರಿಯಲ್ಲಿ. ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್‌ಗೆ ಗ್ರಾಂಗೆ 3.5, ಕೊಬ್ಬಿಗೆ 8.5 ಕಿಲೋಕ್ಯಾಲರಿ ಹಾಕಿ. ಮೊದಲನೆಯದು 100 ಗ್ರಾಂಗೆ 333 ಕಿಲೋಕ್ಯಾಲರಿ, ಎರಡನೆಯದು 377. 1000 ಕಿಲೋಕ್ಯಾಲರಿಗೆ ಪ್ರೋಟೀನ್ ಮೊದಲನೆಯದರಲ್ಲಿ 90 ಗ್ರಾಂ, ಎರಡನೆಯದರಲ್ಲಿ 101 ಗ್ರಾಂ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವಾದ ಆಫ್ಕೋದ ಮಾನದಂಡದಲ್ಲಿ ಬೆಳೆದ ಬೆಕ್ಕಿಗೆ ಕನಿಷ್ಠ 65 ಗ್ರಾಂ, ಮರಿಗಳಿಗೂ ಗಬ್ಬದ ಬೆಕ್ಕಿಗೂ 75 ಗ್ರಾಂ. ಎರಡೂ ಪಾಸಾಗುತ್ತವೆ. ಆದರೆ ಒಟ್ಟು ಶಕ್ತಿಯಲ್ಲಿ ಕಾರ್ಬೋಹೈಡ್ರೇಟ್‌ನ ಪಾಲು ಗ್ರೇನ್ ಫ್ರೀಯಲ್ಲಿ ಶೇ. 38, ಅಕ್ಕಿಯದರಲ್ಲಿ ಶೇ. 24. ಒಂದು ಎಚ್ಚರಿಕೆ: ಲೇಬಲ್‌ನ ಪ್ರೋಟೀನ್, ಕೊಬ್ಬು 'ಕನಿಷ್ಠ' ಎಂದಿದ್ದರೆ ನಿಜವಾದ ಅಂಶ ಅದಕ್ಕಿಂತ ಹೆಚ್ಚಿರಬಹುದು. ಆಗ ನಮ್ಮ ಲೆಕ್ಕ ಕಾರ್ಬೋಹೈಡ್ರೇಟನ್ನು ತುಸು ಹೆಚ್ಚಾಗಿ ತೋರಿಸುತ್ತದೆ.

ಇನ್ನು ಆ ಪ್ರೋಟೀನ್ ಎಲ್ಲಿಂದ ಬಂತು ಎಂಬ ಪ್ರಶ್ನೆ. ಹೆಚ್ಚು ಮಂದಿ ಎಡವುವುದು ಇಲ್ಲಿಯೇ. ಪ್ರಯೋಗಾಲಯ ನೈಟ್ರೋಜನ್ ಅಳೆದು 6.25ರಿಂದ ಗುಣಿಸಿ 'ಕಚ್ಚಾ ಪ್ರೋಟೀನ್' ಎನ್ನುತ್ತದೆ. ಅದು ಕೋಳಿಯದೋ ಬಟಾಣಿಯದೋ ಆ ಅಂಕಿಗೆ ಗೊತ್ತಿಲ್ಲ. ಪದಾರ್ಥಗಳ ಪಟ್ಟಿ ಬೇಯಿಸುವ ಮುಂಚಿನ ತೂಕದ ಕ್ರಮದಲ್ಲಿರುತ್ತದೆ. ಹಸಿ ಕೋಳಿಯಲ್ಲಿ ಸುಮಾರು 70 ಭಾಗ ನೀರು, ಹಾಗಾಗಿ 25 ಕೆಜಿ ಹಸಿ ಕೋಳಿ ಪಟ್ಟಿಯ ಮೊದಲ ಸ್ಥಾನದಲ್ಲಿ ಕೂತರೂ ಒಣಗಿದ ಮೇಲೆ ಉಳಿಯುವುದು ಏಳೆಂಟು ಕೆಜಿ. ನೀರು ತೆಗೆದ ಚಿಕನ್ ಮೀಲ್ ಎರಡನೆಯ ಸ್ಥಾನದಲ್ಲಿದ್ದರೂ ಹೆಚ್ಚು ಮಾಂಸದ ಪ್ರೋಟೀನ್ ಕೊಡಬಲ್ಲದು. ಬಟಾಣಿಯದು ಉಲ್ಟಾ ಆಟ. ಬಟಾಣಿ, ಬಟಾಣಿ ಪಿಷ್ಟ, ಬಟಾಣಿ ಪ್ರೋಟೀನ್, ಬಟಾಣಿ ನಾರು ಎಂದು ನಾಲ್ಕು ಹೆಸರಾಗಿ ಒಡೆದರೆ ಒಂದೊಂದೂ ಕೆಳಗೆ ಇಳಿಯುತ್ತದೆ. ನಾಲ್ಕನ್ನೂ ಕೂಡಿಸಿ ನೋಡಿದರೆ ಅದೇ ಕೋಳಿಯನ್ನು ಮೀರಿಸಬಹುದು.

ಬೇಳೆಕಾಳಿನ ಪ್ರೋಟೀನ್‌ನಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಕಡಿಮೆ, ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಬೇಕಾದ ಟೌರಿನ್ ಎಂಬ ಅಮೈನೊ ಆಮ್ಲ ಇಲ್ಲವೇ ಇಲ್ಲ ಎನ್ನಬಹುದು. ಬೆಕ್ಕಿನ ದೇಹ ಟೌರಿನ್ ಸಾಕಷ್ಟು ತಯಾರಿಸಿಕೊಳ್ಳಲಾರದು. ಪಿತ್ತಾಮ್ಲವನ್ನು ಕಟ್ಟಲೂ ಅದು ಟೌರಿನ್ನನ್ನೇ ಬಳಸುವುದರಿಂದ ದಿನವೂ ಸ್ವಲ್ಪ ಸ್ವಲ್ಪ ಮಲದಲ್ಲಿ ಹೋಗುತ್ತಿರುತ್ತದೆ, ಕೆಲವು ಬಗೆಯ ನಾರು ಈ ನಷ್ಟವನ್ನು ಹೆಚ್ಚಿಸುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಾಲ್ ಪಿಯಾನ್ ಮತ್ತು ಸಂಗಡಿಗರು ಟೌರಿನ್ ಕೊರತೆಗೂ ಬೆಕ್ಕಿನ ಹೃದಯ ಹಿಗ್ಗುವ ಕಾಯಿಲೆಗೂ ಇರುವ ನಂಟನ್ನು ತೋರಿಸಿದರು. ಆ ಬೆಕ್ಕುಗಳು ತಿನ್ನುತ್ತಿದ್ದ ಆಹಾರದಲ್ಲಿ ಅಂದಿನ ಶಿಫಾರಸಿನಷ್ಟು ಟೌರಿನ್ ಇತ್ತು ಎಂಬುದು ಇವತ್ತಿಗೂ ಮರೆಯಬಾರದ ಸಂಗತಿ. ಈಗ ಆಫ್ಕೋ ಕನಿಷ್ಠ ಮಿತಿ ಒಣ ಆಹಾರಕ್ಕೆ ಒಣ ತೂಕದ ಶೇ. 0.1, ಡಬ್ಬಿ ಆಹಾರಕ್ಕೆ ಶೇ. 0.2. ಬೇಳೆಕಾಳು ಹೆಚ್ಚಿದ್ದರೆ 0.1ರ ಗಡಿಗೆ ತಾಗಿಕೊಂಡಿರುವುದನ್ನು ಒಪ್ಪಬೇಡಿ. ಕೊರತೆಯ ಲಕ್ಷಣ ಕಾಣಿಸಲು ತಿಂಗಳುಗಳೇ ಹಿಡಿಯುತ್ತವೆ. ಹೃದಯ ಬೇಗ ಗುರುತಿಸಿದರೆ ಸುಧಾರಿಸಬಹುದು, ಕಣ್ಣಿನ ರೆಟಿನಾಗೆ ಆದ ಹಾನಿ ಮರಳುವುದಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈಯಲ್ಲಿ ಗ್ರೇನ್ ಫ್ರೀ ಆಹಾರ ಮತ್ತು ಹೃದಯದ ಕಾಯಿಲೆಯ ತನಿಖೆ ಪ್ರಕಟಿಸಿದ್ದು ಮುಖ್ಯವಾಗಿ ನಾಯಿಗಳ ವಿಷಯದಲ್ಲಿ. ಬೆಕ್ಕಿನ ಪ್ರಕರಣಗಳು ಬಹಳ ಕಡಿಮೆ, ಕಾರಣವೂ ಖಚಿತವಾಗಿಲ್ಲ. ಅದನ್ನು ಹಾಗೆಯೇ ತಂದು ಬೆಕ್ಕಿಗೆ ಅಂಟಿಸುವುದು ಸರಿಯಲ್ಲ. ತುರಿಕೆ ಎಂದು ಧಾನ್ಯ ಬಿಡಿಸುವುದರಲ್ಲೂ ಹುರುಳು ಕಡಿಮೆ: ಬೆಕ್ಕುಗಳ ಆಹಾರ ಅಲರ್ಜಿಯಲ್ಲಿ ಹೆಚ್ಚು ದಾಖಲಾಗಿರುವುದು ದನದ ಮಾಂಸ, ಮೀನು, ಕೋಳಿ.

ಚೀಲದ ಹಿಂಬದಿಯ ಸಣ್ಣಕ್ಷರದ ಹೇಳಿಕೆ ಓದದೆ ಲೆಕ್ಕ ಮುಗಿಸಬೇಡಿ. ಆಹಾರ ಯಾವ ವಯಸ್ಸಿಗೆ 'ಸಂಪೂರ್ಣ ಮತ್ತು ಸಮತೋಲಿತ' ಎಂದು ಅಲ್ಲಿರಬೇಕು. 'ಪೂರಕ ಆಹಾರ' ಅಥವಾ 'ಆಗಾಗ ಕೊಡಲು' ಎಂದಿದ್ದರೆ ಅದು ದಿನದ ಊಟವಲ್ಲ. ಆಫ್ಕೋದ ಪೋಷಕಾಂಶಗಳ ಪಟ್ಟಿಯ ಪ್ರಕಾರ ರೂಪಿಸಿದ್ದೋ, ಬೆಕ್ಕುಗಳಿಗೆ ತಿನ್ನಿಸಿ ಪರೀಕ್ಷಿಸಿದ್ದೋ ನೋಡಿ. ಬೆಳೆದ ಬೆಕ್ಕುಗಳ ತಿನ್ನಿಸುವ ಪರೀಕ್ಷೆ 26 ವಾರ, ಕನಿಷ್ಠ 8 ಬೆಕ್ಕುಗಳ ಮೇಲೆ ನಡೆಯುತ್ತದೆ. ಆಫ್ಕೋ ತಾನಾಗಿ ಯಾವ ಆಹಾರವನ್ನೂ ಪರೀಕ್ಷಿಸುವುದಿಲ್ಲ, ಮುದ್ರೆಯೊತ್ತುವುದೂ ಇಲ್ಲ. 'ಆಫ್ಕೋ ಅನುಮೋದಿತ' ಎಂದು ಅಂಗಡಿಯವರು ಹೇಳಿದರೆ ಆ ಮಾತನ್ನು ಪಕ್ಕಕ್ಕಿಡಿ. ಕಂಪನಿಗೆ ಮಿಂಚಂಚೆ ಬರೆದು 1000 ಕಿಲೋಕ್ಯಾಲರಿಗೆ ಟೌರಿನ್, ಮೆಥಿಯೊನಿನ್ ಜತೆ ಸಿಸ್ಟಿನ್, ರಂಜಕ ಎಷ್ಟಿವೆ ಎಂದು ಕೇಳಿ. ಬೂದಿ ಹೆಚ್ಚಿದ್ದರೆ ಎಲುಬಿನ ಪುಡಿ ಹೆಚ್ಚಿರುವ ಸಾಧ್ಯತೆ ಇದೆ, ಜತೆಗೆ ರಂಜಕವೂ. ಮೂತ್ರಪಿಂಡ ಸೋತ ಬೆಕ್ಕಿಗೆ ಅದು ಒಳ್ಳೆಯದಲ್ಲ.

ನಮ್ಮ ಊರುಗಳ ಕೆಲವು ಪೆಟ್ ಶಾಪ್‌ಗಳಲ್ಲಿ ದೊಡ್ಡ ಚೀಲ ಬಿಚ್ಚಿ ಕೆಜಿ ಲೆಕ್ಕದಲ್ಲಿ ಕಟ್ಟಿಕೊಡುತ್ತಾರೆ. ಅಗ್ಗ ನಿಜ, ಆದರೆ ಬ್ಯಾಚ್ ನಂಬರ್, ಅವಧಿ ದಿನಾಂಕ ಚೀಲದ ಜತೆಗೇ ಹೋಯಿತು. ಗಾಳಿ ತಾಗಿದ ಕೊಬ್ಬು ಕಮಟಾಗುತ್ತದೆ, ಕರಾವಳಿಯ ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ. ಆರು ವಾರದಲ್ಲಿ ಮುಗಿಯುವಷ್ಟೇ ದೊಡ್ಡ ಚೀಲ ಕೊಳ್ಳಿ. ಡಬ್ಬಕ್ಕೆ ಸುರಿಯದೆ, ಚೀಲದ ಸಮೇತ ಡಬ್ಬದೊಳಗೆ ಇಡಿ.

ಹಾಕುವ ಪ್ರಮಾಣ ತಕ್ಕಡಿಯಲ್ಲಿ ತೂಗಿ. ಬೆಕ್ಕಿನ ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ, ವರ್ಗಮೂಲದ ಗುಂಡಿ ಎರಡು ಸಲ ಒತ್ತಿ, 70ರಿಂದ ಗುಣಿಸಿ. 4 ಕೆಜಿ ಬೆಕ್ಕಿಗೆ 198 ಬರುತ್ತದೆ, ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾಗುವ ಕಿಲೋಕ್ಯಾಲರಿ ಇದು. ಸಂತಾನಹರಣವಾಗಿ ಮನೆಯೊಳಗೇ ಇರುವ ಬೆಕ್ಕಾದರೆ ಅದನ್ನು 1.2ರಿಂದ ಗುಣಿಸಿ, ಸುಮಾರು 238 ಕಿಲೋಕ್ಯಾಲರಿ. ಮೇಲಿನ ಮೊದಲ ಆಹಾರವಾದರೆ 71 ಗ್ರಾಂ, ಎರಡನೆಯದಾದರೆ 63. ಆಹಾರ ಬದಲಾಯಿಸಿಯೂ 71 ಗ್ರಾಂ ಹಾಕುತ್ತಾ ಹೋದರೆ ದಿನಕ್ಕೆ 30 ಕಿಲೋಕ್ಯಾಲರಿ ಹೆಚ್ಚುವರಿ ಸೇರುತ್ತದೆ. ಎರಡು ವಾರಕ್ಕೊಮ್ಮೆ ಬೆಕ್ಕನ್ನು ತೂಗಿ, ಅದಕ್ಕೆ ತಕ್ಕಂತೆ ಗ್ರಾಂ ಇಳಿಸಿ ಅಥವಾ ಏರಿಸಿ.